ಮೊಸರನ್ನು ಮದ್ದು ಮಾಡಿದ ಮೆಚ್ನಿಕೋಫ್‌ಗೆ ಕಾಣದೇ ಹೋದ ಕತ್ತರಿ

1904ರ ಜೂನ್ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಒಂದು ಸಾರ್ವಜನಿಕ ಉಪನ್ಯಾಸ ನಡೆಯಿತು. ವಿಷಯ, ಮುಪ್ಪು. ಮಾತಾಡಿದ್ದು ಪಾಶ್ಚರ್ ಸಂಸ್ಥೆಯ ವಿಜ್ಞಾನಿ ಈಲಿ ಮೆಚ್ನಿಕೋಫ್, ವಯಸ್ಸು 59. ಮುಪ್ಪು ಸಹಜವಲ್ಲ, ಅದೊಂದು ಕಾಯಿಲೆ ಅನ್ನೋದು ಆತನ ವಾದ. ಕಾಯಿಲೆಯ ಬೇರು ದೊಡ್ಡ ಕರುಳಿನಲ್ಲಿದೆ, ಅಲ್ಲಿ ಕೂತ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಕೊಳೆಸಿ ವಿಷ ಮಾಡುತ್ತವೆ, ಆ ವಿಷ ರಕ್ತಕ್ಕಿಳಿದು ನಮ್ಮನ್ನು ಒಳಗಿಂದಲೇ ತಿನ್ನುತ್ತದೆ ಅಂತ ವಿವರಿಸಿದ. ಜೊತೆಗೆ ಒಂದು ಮಾತು ಸೇರಿಸಿದ: ಬಲ್ಗೇರಿಯಾದ ಹಳ್ಳಿಗರು ಹುಳಿ ಹಾಲು ಕುಡಿದು ತುಂಬಾ ವರ್ಷ ಬದುಕುತ್ತಾರಂತೆ. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಮುಪ್ಪಿಗೆ ಮದ್ದು ಸಿಕ್ಕಿತು, ಅದು ಮೊಸರು ಅಂತ ಸುದ್ದಿ ಊರೂರು ಸುತ್ತಿತು.

ಇವತ್ತು ಅಂಗಡಿಯ ಫ್ರಿಜ್ಜಿನಲ್ಲಿ 'ಪ್ರೋಬಯಾಟಿಕ್' ಅಂತ ಬರೆದ ಪುಟ್ಟ ಬಾಟಲಿ ಕಂಡರೆ ಅದರ ವಂಶಾವಳಿ ಆ ಸಂಜೆಯವರೆಗೂ ಹೋಗುತ್ತದೆ. ಒಳ್ಳೆ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಅನ್ನುವ ಜಾಹೀರಾತಿನ ಭಾಷೆಯನ್ನು ಜನರ ಬಾಯಿಗೆ ತಂದದ್ದೂ ಬಹುಮಟ್ಟಿಗೆ ಈತನೇ. ಆ ಗೆರೆ ಎಳೆದದ್ದು ಯಾಕೆ, ಅದು ಎಷ್ಟು ದಿನ ನಿಂತಿತು ಅನ್ನೋದು ತಿಳಿಯಬೇಕಾದರೆ ಆತನ ಬದುಕನ್ನೇ ನೋಡಬೇಕು.

ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಇವತ್ತು ಯುಕ್ರೇನ್‌ನಲ್ಲಿರುವ ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆ. ಅಪ್ಪ ಸೈನ್ಯಾಧಿಕಾರಿ, ಜಮೀನುದಾರ. ಅಮ್ಮ ಎಮಿಲಿಯಾ, ಲೆವ್ ನೆವಾಖೊವಿಚ್ ಎಂಬ ಯಹೂದಿ ಮೂಲದ ಲೇಖಕನ ಮಗಳು. ತನಗೆ ವಿಜ್ಞಾನದ ಹುಚ್ಚು ಬಂದಿದ್ದೇ ಅಮ್ಮನ ಕಡೆಯ ರಕ್ತದಿಂದ ಅಂತ ಮೆಚ್ನಿಕೋಫ್ ನಂಬಿದ್ದ. ಅಣ್ಣಂದಿರೂ ಕಡಿಮೆಯವರಲ್ಲ. ಲೆವ್ ಇಟಲಿಗೆ ಹೋಗಿ ಗ್ಯಾರಿಬಾಲ್ಡಿಯ ಪಡೆ ಸೇರಿ ಹೋರಾಡಿದ, ಆಮೇಲೆ ದೊಡ್ಡ ಭೂಗೋಳಶಾಸ್ತ್ರಜ್ಞನಾದ. ಇನ್ನೊಬ್ಬ ಇವಾನ್ ಸರ್ಕಾರಿ ವಕೀಲನಾಗಿದ್ದ; ಅವನ ಸಾವೇ ಟಾಲ್‌ಸ್ಟಾಯ್ ಬರೆದ ಇವಾನ್ ಇಲಿಚ್‌ನ ಸಾವಿನ ಕಥೆಗೆ ಎಳೆ ಕೊಟ್ಟಿತು.

ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿ ಹುಡುಗ ಜರ್ಮನಿಗೆ ಹೊರಟ. 1865ರಲ್ಲಿ ಗೀಸೆನ್‌ನಲ್ಲಿ ನೆಲದ ಮೇಲೆ ಬದುಕುವ ಒಂದು ಚಪ್ಪಟೆ ಹುಳವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದಾಗ ವಿಚಿತ್ರ ಕಂಡಿತು. ನಮ್ಮ ಹೊಟ್ಟೆಯಲ್ಲಿ ಜೀರ್ಣರಸ ಕೋಶಗಳಿಂದ ಹೊರಗೆ ಸುರಿದು ಅನ್ನವನ್ನು ಕರಗಿಸುತ್ತದೆ. ಈ ಹುಳದಲ್ಲಿ ಹಾಗಲ್ಲ, ಕರುಳಿನ ಕೋಶವೇ ಆಹಾರದ ತುಣುಕನ್ನು ಒಳಗೆಳೆದುಕೊಂಡು ಅರಗಿಸುತ್ತಿತ್ತು. ಇಪ್ಪತ್ತು ವರ್ಷದ ಹುಡುಗನ ತಲೆಯಲ್ಲಿ ಕೂತ ಆ ಚಿತ್ರ ಕೊನೆವರೆಗೂ ಬಿಡಲಿಲ್ಲ. ಯಾರು ಯಾರನ್ನು ಅರಗಿಸುತ್ತಿದ್ದಾರೆ? ಮೆಚ್ನಿಕೋಫ್ ಬದುಕಿಡೀ ಕೇಳಿದ್ದು ಒಂದರ್ಥದಲ್ಲಿ ಇದೊಂದೇ ಪ್ರಶ್ನೆ.

ಬದುಕು ಮಾತ್ರ ಅವನನ್ನೇ ಅರಗಿಸೋಕೆ ಹೊರಟಿತ್ತು. 1869ರಲ್ಲಿ ಲುದ್ಮಿಲಾಳನ್ನು ಮದುವೆಯಾದ. ಆಕೆಗೆ ಕ್ಷಯ, ನಡೆಯೋಕಾಗದೆ ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ಬಿಸಿಲಿನ ಊರುಗಳಿಗೆ ಕರೆದುಕೊಂಡು ಅಲೆದರೂ 1873ರಲ್ಲಿ ಮದೈರಾ ದ್ವೀಪದಲ್ಲಿ ತೀರಿಕೊಂಡಳು. ಆಗ ಆತ ಪ್ರಾಣ ಕಳೆದುಕೊಳ್ಳಲು ನೋಡಿ ಬದುಕುಳಿದ. ಎರಡು ವರ್ಷದ ನಂತರ ಓಲ್ಗಾ ಜೊತೆ ಮದುವೆ. 1880ರಲ್ಲಿ ಆಕೆಗೂ ಟೈಫಾಯ್ಡ್ ಬಂದು ಸಾವಿನ ಅಂಚಿಗೆ ಹೋಗಿ ಬಂದಳು. ಮನಸ್ಸು ಮತ್ತೆ ಕುಸಿದ ಮೆಚ್ನಿಕೋಫ್, ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತನಗೇ ಚುಚ್ಚಿಕೊಂಡ. ಸತ್ತರೂ ವಿಜ್ಞಾನಕ್ಕೆ ಒಂದು ಉತ್ತರ ಸಿಗಲಿ ಅನ್ನೋದು ಲೆಕ್ಕ. ಕಾಯಿಲೆ ಜೋರಾಗಿಯೇ ಬಂತು, ಆದರೆ ಬದುಕಿದ. ಎದ್ದು ಬಂದ ಮೇಲೆ ಆತ ಬೇರೆಯೇ ಮನುಷ್ಯ. ನಿರಾಶಾವಾದಿ ಅಂತ ಹೆಸರಾಗಿದ್ದವನು ಮುಂದೆ ಬರೆದ ಪುಸ್ತಕವೊಂದಕ್ಕೆ ಆಶಾವಾದಿ ಪ್ರಬಂಧಗಳು ಅಂತ ಹೆಸರಿಟ್ಟ.

ಈ ನಡುವೆ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ. 1881ರ ಮಾರ್ಚ್‌ನಲ್ಲಿ ಕ್ರಾಂತಿಕಾರಿಗಳು ಚಕ್ರವರ್ತಿ ಎರಡನೇ ಅಲೆಕ್ಸಾಂಡರ್‌ನನ್ನು ಬಾಂಬ್ ಎಸೆದು ಕೊಂದರು. ಅದರ ಬೆನ್ನಿಗೇ ಯಹೂದಿಗಳ ಮೇಲೆ ದೊಂಬಿ, ವಿಶ್ವವಿದ್ಯಾಲಯಗಳ ಮೇಲೆ ಸರ್ಕಾರದ ಹಿಡಿತ. ಯಾವ ಪ್ರಾಧ್ಯಾಪಕ ಯಾರ ಕಡೆ, ಯಾವ ವಿದ್ಯಾರ್ಥಿ ಏನು ಓದುತ್ತಾನೆ ಅನ್ನೋದೆಲ್ಲ ಪೊಲೀಸರ ವಿಷಯವಾಯಿತು. ಓದುವವರಿಗೆ ಇದು ತೀರಾ ಹಳೆಯ ಕಾಲದ, ದೂರದ ದೇಶದ ಕಥೆ ಅನಿಸಲಿಕ್ಕಿಲ್ಲ. ಮೆಚ್ನಿಕೋಫ್ ಕ್ರಾಂತಿಕಾರಿಯೇನೂ ಆಗಿರಲಿಲ್ಲ. ರಾಜಕೀಯಕ್ಕಿಂತ ವಿಜ್ಞಾನವೇ ಜನರನ್ನು ಬಿಡಿಸುತ್ತದೆ ಅಂತ ನಂಬಿದ ಉದಾರವಾದಿ. ಹಾಗಾಗಿ ಆತ ಅಧಿಕಾರಿಗಳ ಕಣ್ಣಿಗೆ ಕೆಂಪಗೆ ಕಂಡ, ಬಿಸಿರಕ್ತದ ವಿದ್ಯಾರ್ಥಿಗಳ ಕಣ್ಣಿಗೆ ಸಪ್ಪೆಯಾಗಿ ಕಂಡ. 1882ರಲ್ಲಿ ರಾಜೀನಾಮೆ ಬಿಸಾಕಿದ. ಓಲ್ಗಾಳ ತಂದೆ ತಾಯಿ ತೀರಿಹೋಗಿ ಆಸ್ತಿ ಬಂದಿದ್ದರಿಂದ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಕೆಲಸ ಬಿಡುವ ಧೈರ್ಯಕ್ಕೆ ಹಿಂದೊಂದು ಗೋಡೆ ಇತ್ತು.

ಹೆಂಡತಿ, ಆಕೆಯ ತಮ್ಮ ತಂಗಿಯರನ್ನು ಕಟ್ಟಿಕೊಂಡು ಇಟಲಿಯ ಮೆಸ್ಸಿನಾಕ್ಕೆ ಹೋದ. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದರು. ಈತ ಒಬ್ಬನೇ ಕೂತು ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಲಾರ್ವಾ ನೋಡುತ್ತಿದ್ದ. ಅದರೊಳಗೆ ಅಲೆದಾಡುವ ಕೋಶಗಳು ಹೊರಗಿಂದ ಬಂದ ಶತ್ರುವನ್ನು ನುಂಗುವ ಕಾವಲುಗಾರರೂ ಆಗಿರಬಹುದಲ್ಲ ಅಂತ ತಟ್ಟನೆ ಹೊಳೆಯಿತು. ತೋಟದ ಗುಲಾಬಿ ಗಿಡದಿಂದ ಮುಳ್ಳು ಕಿತ್ತು ಲಾರ್ವಾದ ಚರ್ಮದೊಳಗೆ ಚುಚ್ಚಿದ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಗುಂಪು ಮುತ್ತಿಗೆ ಹಾಕಿತ್ತು. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿ ಅರಗಿಸುತ್ತವೆ ಅನ್ನೋ ತಿಳಿವಳಿಕೆ ಶುರುವಾದದ್ದು ಅಲ್ಲಿಂದ. ಈ ತಿನ್ನುವ ಕೋಶಕ್ಕೆ ಫ್ಯಾಗೊಸೈಟ್ ಅಂತ ಹೆಸರು ಬಂತು. ಚಪ್ಪಟೆ ಹುಳದ ಕರುಳಿನಲ್ಲಿ ಕಂಡದ್ದು ಈಗ ಇಡೀ ದೇಹದ ರಕ್ಷಣೆಯ ಸಿದ್ಧಾಂತವಾಯಿತು. ಅಲ್ಲಿ ಅರಗಿಸೋದು ಅಂದರೆ ಕಾಪಾಡೋದು. ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದರೆ ಕರುಳಿನ ವಿಷಯಕ್ಕೆ ಬಂದಾಗ ಇದೇ ಕ್ರಿಯೆ ಆತನಿಗೆ ಶತ್ರುವಾಗಿ ಕಾಣುತ್ತದೆ.

1886ರಲ್ಲಿ ಒಡೆಸ್ಸಾದಲ್ಲಿ ಹೊಸ ಬ್ಯಾಕ್ಟೀರಿಯಾ ಅಧ್ಯಯನ ಸಂಸ್ಥೆ ತೆರೆದು ಮೆಚ್ನಿಕೋಫ್‌ನನ್ನು ಮುಖ್ಯಸ್ಥನಾಗಿ ಕರೆದರು. ಆತ ವೈದ್ಯನಲ್ಲ, ಪ್ರಾಣಿಶಾಸ್ತ್ರಜ್ಞ; ಊರಿನ ವೈದ್ಯರು ಕಾಲೆಳೆದರು. ಆತ ಊರಲ್ಲಿಲ್ಲದಾಗ ಕುರಿಗಳಿಗೆ ಕೊಟ್ಟ ನೆರಡಿ ರೋಗದ ಲಸಿಕೆ ಎಡವಟ್ಟಾಗಿ ಸಾವಿರಾರು ಕುರಿ ಸತ್ತವು. 1888ರಲ್ಲಿ ಗಂಟುಮೂಟೆ ಕಟ್ಟಿ ಪ್ಯಾರಿಸ್ಸಿಗೆ ಹೋದ. ಲೂಯಿ ಪಾಶ್ಚರ್ ತನ್ನ ಸಂಸ್ಥೆಯಲ್ಲಿ ಪ್ರಯೋಗಾಲಯ ಕೊಟ್ಟ. ಕೊನೆಯ ಇಪ್ಪತ್ತೆಂಟು ವರ್ಷ ಅಲ್ಲೇ.

ನಮಗೂ ಇಲ್ಲೊಂದು ಎಳೆ ಇದೆ. ಒಡೆಸ್ಸಾದಲ್ಲಿ ಮೆಚ್ನಿಕೋಫ್‌ನ ಶಿಷ್ಯನಾಗಿದ್ದ ವಾಲ್ಡೆಮರ್ ಹಾಫ್‌ಕಿನ್ ಎಂಬ ಯಹೂದಿ ಹುಡುಗ ಕ್ರಾಂತಿಕಾರಿ ಗುಂಪಿನ ನಂಟಿಗಾಗಿ ಜೈಲು ಕಂಡವನು. 1889ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಅವನಿಗೆ ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ. ಅಲ್ಲಿಂದ ಕಾಲರಾ ಲಸಿಕೆ ಮಾಡಿ 1893ರಲ್ಲಿ ಭಾರತಕ್ಕೆ ಬಂದ. 1897ರ ಜನವರಿಯಲ್ಲಿ ಮುಂಬೈನಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಬೆಂಗಳೂರನ್ನೂ ಪ್ಲೇಗ್ ಮುತ್ತಿತು. ಚಕ್ರವರ್ತಿಯ ಪೊಲೀಸರಿಗೆ ಬೇಡವಾದ ಇಬ್ಬರಲ್ಲಿ ಒಬ್ಬನ ಲಸಿಕೆ ಮುಂಬೈಗೆ ದಕ್ಕಿತು, ಇನ್ನೊಬ್ಬನ ನೊಬೆಲ್ ಪ್ಯಾರಿಸ್ಸಿಗೆ ದಕ್ಕಿತು. ದೇಶದ್ರೋಹಿಗಳ ಪಟ್ಟಿ ಮಾಡುವವರು ಈ ಲೆಕ್ಕವನ್ನು ಯಾವತ್ತೂ ಇಡುವುದಿಲ್ಲ.

ಪ್ಯಾರಿಸ್‌ನಲ್ಲಿ 1892ರ ಕಾಲರಾ ಸಮಯದಲ್ಲಿ ಮೆಚ್ನಿಕೋಫ್ ಕಾಲರಾ ಬ್ಯಾಕ್ಟೀರಿಯಾವನ್ನು ತಾನೇ ಕುಡಿದ. ಏನೂ ಆಗಲಿಲ್ಲ. ಸಹಾಯಕನೊಬ್ಬ ಕುಡಿದ, ಅವನಿಗೂ ಏನೂ ಆಗಲಿಲ್ಲ. ಇನ್ನೊಬ್ಬ ಸ್ವಯಂಸೇವಕ ಕುಡಿದು ಸಾಯುವ ಸ್ಥಿತಿಗೆ ಹೋದ. ತನ್ನ ಮೇಲೆ ಪ್ರಯೋಗ ಮಾಡಿಕೊಳ್ಳೋದು ಸಾಹಸ ಅಂತ ಮೆಚ್ಚಬಹುದು, ಕೈಕೆಳಗಿನವರಿಗೆ ಕುಡಿಸೋದನ್ನು ಮೆಚ್ಚೋಕಾಗಲ್ಲ. ಆದರೂ ಆ ಪ್ರಯೋಗದಿಂದ ಹುಟ್ಟಿದ ಪ್ರಶ್ನೆ ದೊಡ್ಡದು: ಒಂದೇ ಬ್ಯಾಕ್ಟೀರಿಯಾ ಒಬ್ಬನನ್ನು ಕೆಡವುತ್ತೆ, ಇನ್ನೊಬ್ಬನನ್ನು ಯಾಕೆ ಬಿಡುತ್ತೆ? ಕರುಳಿನಲ್ಲಿ ಮೊದಲೇ ಮನೆ ಮಾಡಿಕೊಂಡ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ತಡೆಯುತ್ತಿರಬಹುದೇ? ಕರುಳಿನ ಲೋಕದ ಬಗ್ಗೆ ಇವತ್ತು ನಡೆಯುತ್ತಿರುವ ಸಂಶೋಧನೆಯ ಒಂದು ಬಾಗಿಲು ಅದೇ.

ಆತ ಉತ್ತರ ಹುಡುಕಿದ್ದು ಕೊಳೆಯುವಿಕೆಯಲ್ಲಿ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಮಾಲೆ. ಅದನ್ನು ಅಲ್ಲಲ್ಲಿ ಕತ್ತರಿಸುವ ಕಿಣ್ವಕ್ಕೆ ಪ್ರೋಟಿಯೇಸ್ ಅಂತ ಹೆಸರು. ಸುಮ್ಮನೆ ಕತ್ತರಿ ಅನ್ನೋಣ. ಮಾಂಸ ಕೊಳೆಸುವ ಬ್ಯಾಕ್ಟೀರಿಯಾಗಳು ಇಂಥ ಕತ್ತರಿಗಳನ್ನು ಮೈಯಿಂದ ಹೊರಗೆ ಬಿಡುತ್ತವೆ. ಪ್ರೋಟೀನ್ ತುಂಡಾಗುತ್ತದೆ, ತುಂಡುಗಳಿಂದ ಇಂಡೋಲ್, ಫೀನಾಲ್ ಥರದ ವಸ್ತುಗಳಾಗುತ್ತವೆ, ನಾತ ಹೊಡೆಯುತ್ತದೆ. ಕರುಳಲ್ಲಿ ಸಿಗುವ ಇಂಥದ್ದೊಂದು ಬ್ಯಾಕ್ಟೀರಿಯಾವನ್ನು 1908ರಲ್ಲಿ ಮೆಚ್ನಿಕೋಫ್ ತಾನೇ ಬೇರ್ಪಡಿಸಿ ವಿವರಿಸಿದ. ಈಗ ಅದಕ್ಕೆ ಕ್ಲಾಸ್ಟ್ರಿಡಿಯಂ ಸ್ಪೋರೋಜೆನೆಸ್ ಅಂತಾರೆ. ಇನ್ನೊಂದು ಕಡೆ ಮನೆಮನೆಯ ಅನುಭವ ಇತ್ತು. ಹಾಲು ಹುಳಿಯಾದ ಮೇಲೆ ಕೊಳೆಯೋದಿಲ್ಲ. ಲ್ಯಾಕ್ಟಿಕ್ ಆಮ್ಲ ಇರುವಲ್ಲಿ ಕೊಳೆಸುವ ಜಾತಿಗೆ ಬೆಳೆಯೋಕಾಗಲ್ಲ. ಹಾಗಾದರೆ ಕರುಳನ್ನೂ ಹುಳಿ ಮಾಡಿಬಿಟ್ಟರೆ? ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾವನ್ನೇ ಅಲ್ಲಿ ಬಿತ್ತಿದರೆ ವಿಷದ ಕಾರ್ಖಾನೆ ಮುಚ್ಚಬೇಕಲ್ಲ?

ಲೆಕ್ಕ ಎಷ್ಟು ಚೆಂದ ಇದೆ ನೋಡಿ. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ ಜಿನೀವಾದಲ್ಲಿ ತನ್ನೂರಿನ ಮೊಸರಿನಿಂದ ಉದ್ದನೆ ಕಡ್ಡಿಯಂಥ ಬ್ಯಾಕ್ಟೀರಿಯಾವನ್ನು ಗುರುತಿಸಿ ವಿವರಿಸಿದ. ಮೆಚ್ನಿಕೋಫ್ ಅದನ್ನು ಅಪ್ಪಿಕೊಂಡ. ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಆತನ ಲೆಕ್ಕದಲ್ಲಿ ಹುಳಿ ಮಾಡುವ, ಕೊಳೆಸದ ಸಾಧು. ಹೀಗೆ ಲೋಕ ಎರಡಾಯಿತು: ಸಕ್ಕರೆಯನ್ನು ಹುಳಿ ಮಾಡುವವು ನಮ್ಮ ಕಡೆಯವು, ಪ್ರೋಟೀನ್ ಕತ್ತರಿಸುವವು ವೈರಿ ಪಾಳಯ. 1890ರ ದಶಕದ ಕೊನೆಯಿಂದಲೇ ಆತ ದಿನಾ ಹುಳಿ ಹಾಲು ಕುಡಿಯುತ್ತಿದ್ದ. ಹಸಿ ತರಕಾರಿ, ಹಸಿ ಹಣ್ಣು ಮುಟ್ಟುತ್ತಿರಲಿಲ್ಲ; ಎಲ್ಲವೂ ಬೆಂದಿರಬೇಕು.

ಸಿದ್ಧಾಂತ ಪ್ರಯೋಗಾಲಯದ ಬಾಗಿಲು ದಾಟಿದ ಮೇಲೆ ಯಾರ ಕೈಗೆ ಸಿಗುತ್ತೆ ಹೇಳೋಕಾಗಲ್ಲ. ಪ್ಯಾರಿಸ್‌ನಲ್ಲಿ ಕಂಪನಿಗಳು ಲ್ಯಾಕ್ಟೋಬ್ಯಾಸಿಲಿನ್ ಅನ್ನುವ ಹೆಸರಲ್ಲಿ ಪುಡಿ, ಮಾತ್ರೆ, ಹೆಪ್ಪು ಮಾರತೊಡಗಿದವು. ಜಾಹೀರಾತಿನಲ್ಲಿ ಪ್ರಾಧ್ಯಾಪಕ ಮೆಚ್ನಿಕೋಫ್ ಹೆಸರು ರಾರಾಜಿಸಿತು. ಲಂಡನ್ನಿನ ದೊಡ್ಡ ಸರ್ಜನ್ ಆರ್ಬಥ್‌ನಾಟ್ ಲೇನ್ ಮಲಬದ್ಧತೆಗೆ ದೊಡ್ಡ ಕರುಳನ್ನೇ ಕೊಯ್ದು ತೆಗೆಯುತ್ತಿದ್ದ. ಆ ಕರುಳು ದಂಡ ಅನ್ನುವ ಮೆಚ್ನಿಕೋಫ್‌ನ ವಾದ ಅಂಥವರ ಚಾಕುವಿಗೆ ಮತ್ತಷ್ಟು ಧೈರ್ಯ ಕೊಟ್ಟಿತು. ಮೆಚ್ನಿಕೋಫ್ ತೋರಿಸಿದ ದಾರಿ ಚಾಕುವಲ್ಲ, ಮೊಸರಿನ ಬಟ್ಟಲು. ಮುಪ್ಪನ್ನು ಗೆಲ್ಲಬಹುದು ಅಂತ ಇನ್ನೂ ಸಾಬೀತಾಗದ ಮಾತನ್ನು ಸಭಿಕರ ಮುಂದೆ ಆತ ಗಟ್ಟಿ ದನಿಯಲ್ಲಿ ಹೇಳಿದ್ದಂತೂ ನಿಜ. ಬಲ್ಗೇರಿಯಾದಲ್ಲಿ ನೂರು ದಾಟಿದವರ ಲೆಕ್ಕ ಎಷ್ಟು ಗಟ್ಟಿ, ಹುಟ್ಟಿದ ದಾಖಲೆ ಯಾರ ಹತ್ತಿರ ಇದೆ ಅಂತ ಕೇಳುವ ವ್ಯವಧಾನ ಆ ಸಭೆಗೂ ಇರಲಿಲ್ಲ.

1908ರಲ್ಲಿ ನೊಬೆಲ್ ಬಂತು. ಅದು ಮೊಸರಿಗಲ್ಲ, ತಿನ್ನುವ ಕೋಶಕ್ಕೆ. ಹಂಚಿಕೊಂಡದ್ದು ಜರ್ಮನಿಯ ಪಾಲ್ ಎಹ್ರ್‌ಲಿಕ್ ಜೊತೆ. ರೋಗ ತಡೆಯುವುದು ಕೋಶವೋ ರಕ್ತರಸವೋ ಅನ್ನುವ ಜಗಳ ಫ್ರಾನ್ಸ್ ಮತ್ತು ಜರ್ಮನಿಯ ಜಗಳದ ಬಣ್ಣ ಬಳಿದುಕೊಂಡು ಇಪ್ಪತ್ತು ವರ್ಷ ನಡೆದಿತ್ತು. ಎರಡೂ ಸರಿ ಅಂತ ಸಮಿತಿ ಹೇಳಿದಂತಾಯಿತು. ಅದೇ ಡಿಸೆಂಬರ್‌ನಲ್ಲಿ, ಮುಳ್ಳು ಚುಚ್ಚಿ ನೋಡಿದ ಮೆಸ್ಸಿನಾ ನಗರ ಭೂಕಂಪಕ್ಕೆ ನೆಲಸಮವಾಯಿತು. ಮರುವರ್ಷ ಮೇ ತಿಂಗಳಲ್ಲಿ ಮೆಚ್ನಿಕೋಫ್ ಟಾಲ್‌ಸ್ಟಾಯ್‌ನನ್ನು ನೋಡಲು ಯಾಸ್ನಯಾ ಪೊಲ್ಯಾನಾಕ್ಕೆ ಹೋದ. ಒಬ್ಬನಿಗೆ ಸಾವನ್ನು ಮುಂದೂಡುವ ಆಸೆ, ಇನ್ನೊಬ್ಬನಿಗೆ ಸಾವಿನ ಮುಂದೆ ಹೇಗೆ ಬದುಕಬೇಕು ಅನ್ನುವ ಚಿಂತೆ. ಮರ್ಯಾದೆಯಿಂದ ಮಾತಾಡಿದರು, ಒಪ್ಪಲಿಲ್ಲ.

ಅಣ್ಣ ಇವಾನ್ 45ಕ್ಕೆ, ಲೆವ್ 50ಕ್ಕೆ ಹೋಗಿದ್ದರು. ಆ ಲೆಕ್ಕದಲ್ಲಿ ತಾನು 70 ಮುಟ್ಟಿದ್ದೇ ಮೊಸರಿನ ಗೆಲುವು ಅಂತ ಆತನಿಗೆ ಅನಿಸಿತ್ತು. ಮಹಾಯುದ್ಧ ಶುರುವಾಗಿ, ಯುವ ಸಹೋದ್ಯೋಗಿಗಳೆಲ್ಲ ರಣರಂಗಕ್ಕೆ ಹೋಗಿ ಪ್ರಯೋಗಾಲಯ ಖಾಲಿಯಾಯಿತು. ಹೃದಯ ಸೋತಿತು. 1916ರ ಜುಲೈನಲ್ಲಿ, ಪಾಶ್ಚರ್ ಒಮ್ಮೆ ವಾಸವಿದ್ದ ಕೋಣೆಗಳಲ್ಲೇ ಮೆಚ್ನಿಕೋಫ್ 71ನೇ ವಯಸ್ಸಿನಲ್ಲಿ ಸತ್ತ. ಸತ್ತ ಮೇಲೆ ತನ್ನ ಕರುಳನ್ನು ಸರಿಯಾಗಿ ಪರೀಕ್ಷಿಸಬೇಕು ಅಂತ ವೈದ್ಯ ಮಿತ್ರನಿಗೆ ಮೊದಲೇ ಹೇಳಿಟ್ಟಿದ್ದ. ಚಿತಾಭಸ್ಮ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಆಮೇಲೇನಾಯಿತು? ಬಲ್ಗಾರಿಕಸ್ ನಮ್ಮ ಕರುಳಲ್ಲಿ ಮನೆ ಮಾಡೋದೇ ಇಲ್ಲ ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೋ ರೆಟ್‌ಗರ್ ಮತ್ತು ಸಂಗಡಿಗರು 1920ರ ಹೊತ್ತಿಗೆ ತೋರಿಸಿದರು. ಅದು ಬರುವ ಅತಿಥಿ, ಹೋಗುವ ಅತಿಥಿ. ವ್ಯಾಪಾರ ಮಾತ್ರ ನಿಲ್ಲಲಿಲ್ಲ. 1919ರಲ್ಲಿ ಐಸಾಕ್ ಕರಾಸ್ಸೊ ಬಾರ್ಸಿಲೋನಾದಲ್ಲಿ ಪಾಶ್ಚರ್ ಸಂಸ್ಥೆಯ ಹೆಪ್ಪಿನಿಂದ ಮೊಸರು ಮಾಡಿ ಔಷಧದಂಗಡಿಗಳಲ್ಲಿ ಮಾರಲು ಶುರು ಮಾಡಿದ. ಅದೇ ಇವತ್ತಿನ ಡ್ಯಾನೋನ್.

ಇದಕ್ಕಿಂತ ದೊಡ್ಡ ತಿರುವು ಬಂದದ್ದು ಬಲ್ಗಾರಿಕಸ್‌ನ ಮೈಯನ್ನೇ ಬಿಚ್ಚಿ ನೋಡಿದಾಗ. ಹಾಲಿನಲ್ಲಿ ಬಿಡಿಬಿಡಿಯಾಗಿ ಸಿಗುವ ಅಮೈನೋ ಆಮ್ಲ ತೀರಾ ಕಡಿಮೆ, ಎಲ್ಲ ಕೇಸೀನ್ ಅನ್ನುವ ಪ್ರೋಟೀನಿನ ಮಾಲೆಗಳಲ್ಲಿ ಕಟ್ಟಿಹಾಕಿರುತ್ತೆ. ಈ ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೈನೋ ಆಮ್ಲಗಳನ್ನೆಲ್ಲ ತಾನೇ ತಯಾರಿಸಿಕೊಳ್ಳೋಕೆ ಬರಲ್ಲ. ಹಾಗಾಗಿ ಅದು ಒಂದು ಕತ್ತರಿಯನ್ನು ಒಳಗೆ ತಯಾರಿಸಿ, ಪೊರೆ ದಾಟಿಸಿ, ತನ್ನ ಗೋಡೆಯ ಹೊರಮೈಗೆ ಸಿಕ್ಕಿಸಿಕೊಂಡಿದೆ. ಪ್ರಾಟ್-ಬಿ ಅಂತ ಅದರ ಹೆಸರು. ಜೀನ್ ಓದಿದ್ದು 1990ರ ದಶಕದಲ್ಲಿ. ಅದು ಕೇಸೀನನ್ನು ಕತ್ತರಿಸುತ್ತದೆ, ಸಣ್ಣ ತುಂಡುಗಳನ್ನು ಒಳಗೆಳೆದುಕೊಳ್ಳುತ್ತದೆ, ಒಳಗಿರುವ ಬೇರೆ ಕಿಣ್ವಗಳು ಉಳಿದದ್ದನ್ನು ನುಣ್ಣಗೆ ಮಾಡುತ್ತವೆ. ಮೆಚ್ನಿಕೋಫ್‌ನ ಸಾಧು ಜೇಬಲ್ಲಿ ಕತ್ತರಿ ಇಟ್ಟುಕೊಂಡೇ ಓಡಾಡುತ್ತಿತ್ತು. ಆ ಕತ್ತರಿ ಇಲ್ಲದಿದ್ದರೆ ಅದು ಹಾಲಿನಲ್ಲಿ ಚೆನ್ನಾಗಿ ಬೆಳೆಯುತ್ತಲೇ ಇರಲಿಲ್ಲ.

ಅದು ಕತ್ತರಿಸಿದ್ದನ್ನೆಲ್ಲ ತಾನೊಬ್ಬನೇ ತಿನ್ನೋದೂ ಇಲ್ಲ. ಯೋಗರ್ಟ್‌ನಲ್ಲಿ ಅದರ ಜೊತೆಗಾರ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್. ಈ ಜಾತಿಯ ಎಷ್ಟೋ ತಳಿಗಳಿಗೆ ಸ್ವಂತ ಕತ್ತರಿ ಇಲ್ಲ. ಬಲ್ಗಾರಿಕಸ್ ಕತ್ತರಿಸಿದ ತುಂಡುಗಳ ಮೇಲೆ ಅವು ಬೆಳೆಯುತ್ತವೆ, ಬದಲಿಗೆ ಫಾರ್ಮಿಕ್ ಆಮ್ಲ, ಕಾರ್ಬನ್ ಡೈಆಕ್ಸೈಡ್ ಕೊಟ್ಟು ಬಲ್ಗಾರಿಕಸ್‌ಗೆ ನೆರವಾಗುತ್ತವೆ. ಎರಡೂ ಸೇರಿದರೆ ಹಾಲು ಬೇಗ ಹೆಪ್ಪಾಗುತ್ತದೆ. ಕತ್ತರಿ ಅತಿಯಾದರೆ ಬೇರೆ ಕಥೆ: ಕೆಲವು ಸಣ್ಣ ತುಂಡುಗಳು ನಾಲಿಗೆಗೆ ಕಹಿ. ಅದಕ್ಕೇ ತಯಾರಕರು ಹೆಪ್ಪಿನ ತಳಿಯನ್ನು ಅಳೆದು ತೂಗಿ ಆರಿಸುತ್ತಾರೆ. ಗಿಣ್ಣದ ಮಾತಲ್ಲ, ಮಾಗಿದ ಚೀಸ್‌ನ ರುಚಿಯ ಬಹುಪಾಲು ಇದೇ ಕತ್ತರಿ ಕೆಲಸ.

ಅಂದರೆ ಹುದುಗು ಮತ್ತು ಕೊಳೆ ನಡುವಿನ ಗೆರೆಯನ್ನು ಕಿಣ್ವ ಎಳೆಯೋದಿಲ್ಲ. ಜಪಾನಿನ ನಾಟೋ ನೋಡಿ. ಬೇಯಿಸಿದ ಸೋಯಾ ಕಾಳಿನ ಮೇಲೆ ಬೆಳೆಯುವ ಬ್ಯಾಸಿಲಸ್ ಕತ್ತರಿಗಳನ್ನು ಗೋಡೆಗೆ ಸಿಕ್ಕಿಸಿಕೊಳ್ಳದೆ ನೇರವಾಗಿ ಹೊರಗೆ ಸುರಿಯುತ್ತದೆ. ಪ್ರೋಟೀನ್ ಒಡೆದು ಅಮೋನಿಯಾ ವಾಸನೆ ಬರುತ್ತದೆ, ಜನ ಪ್ರೀತಿಯಿಂದ ತಿನ್ನುತ್ತಾರೆ. ನಾಗಾಲ್ಯಾಂಡಿನ ಅಖುನಿ, ಸಿಕ್ಕಿಂನ ಕಿನೆಮಾ ಅದೇ ಕುಟುಂಬದವು. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆ ಅಂತ ಒಂದು ಕೈಪಿಡಿ ಹೊರಡಿಸಿ, ಅಖುನಿ ಥರದ ವಾಸನೆಯ ಅಡುಗೆಯನ್ನು ನೆರೆಹೊರೆಯವರಿಗೆ ತೊಂದರೆಯಾಗದಂತೆ ಮಾಡಿಕೊಳ್ಳಿ ಅಂತ ಬುದ್ಧಿ ಹೇಳಿದ್ದರು. ಮಾಗಿದ ಚೀಸ್‌ನ ವಾಸನೆ ಬಗ್ಗೆ ಇಂಥ ಪೊಲೀಸ್ ಕೈಪಿಡಿ ಬಂದದ್ದು ನಾವು ಕೇಳಿಲ್ಲ. ಮಾಲೆ ಕತ್ತರಿಸುವ ರಸಾಯನ ಎರಡರಲ್ಲೂ ಒಂದೇ ಬಗೆಯದು. ಯಾವುದು ರುಚಿ, ಯಾವುದು ನಾತ ಅನ್ನೋದು ತಿನ್ನುವವರು ಯಾರು, ಬಾಡಿಗೆ ಮನೆಯ ಮಾಲೀಕ ಯಾರು ಅನ್ನೋದರ ಮೇಲೆ ನಿಂತಿದೆ.

ಇನ್ನು ಆರೋಗ್ಯದ ಮಾತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮುಂದೆ ಕಂಪನಿಗಳು ಪ್ರೋಬಯಾಟಿಕ್‌ಗಳ ಬಗ್ಗೆ ನೂರಾರು ಹೇಳಿಕೆಗಳನ್ನು ತಂದವು. ಸಾಕಷ್ಟು ಪುರಾವೆ ಇಲ್ಲ ಅಂತ ಬಹುತೇಕ ಎಲ್ಲವನ್ನೂ ವಾಪಸ್ ಕಳಿಸಲಾಯಿತು. 2010ರಲ್ಲಿ ಒಪ್ಪಿದ್ದು ಬಲ್ಗಾರಿಕಸ್ ಮತ್ತು ಥರ್ಮೋಫಿಲಸ್ ಇರುವ ಯೋಗರ್ಟ್ ಬಗ್ಗೆ ಒಂದು ಸಣ್ಣ ಮಾತನ್ನು: ಹಾಲಿನ ಸಕ್ಕರೆ ಅರಗದವರಿಗೆ ಅದನ್ನು ಅರಗಿಸಲು ಈ ಬ್ಯಾಕ್ಟೀರಿಯಾಗಳು ನೆರವಾಗುತ್ತವೆ. ಅದಕ್ಕೂ ಷರತ್ತಿದೆ, ಪ್ರತಿ ಗ್ರಾಂನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಅವು ಕರುಳಲ್ಲಿ ನೆಲೆಸಬೇಕಾಗಿಲ್ಲ. ದಾರಿಯಲ್ಲಿ ಸತ್ತು ಒಡೆದರೂ ಅವುಗಳೊಳಗಿನ ಸಕ್ಕರೆ ಒಡೆಯುವ ಕಿಣ್ವ ಹೊರಬಿದ್ದು ಅಲ್ಲೇ ಕೆಲಸ ಮಾಡುತ್ತದೆ.